ಕಾರವಾರದಲ್ಲಿ ಡಾಲ್ಫಿನ್ ಲೆಕ್ಕ: ಹುಬ್ಬಳ್ಳಿಯಿಂದ ಹೋಗುವವರಿಗೆ

ನನ್ನ ಅಕ್ಕನ ಮಗಳು ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದುತ್ತಾಳೆ. ಆ ವಿಭಾಗ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೇ. ಡಿಸೆಂಬರ್‌ನಲ್ಲಿ ಅವಳ ಡಾಲ್ಫಿನ್ ಅಧ್ಯಯನಕ್ಕೆ ಬರೆದುಕೊಳ್ಳುವವರು ಒಬ್ಬರು ಬೇಕಾಗಿತ್ತು. "ಮಾಮಾ, ನೀವೇ ಬರ್ರಿ" ಅಂದಳು. ಮೂರು ದಿನ ದೋಣಿ ಹತ್ತಿದೆ.

ಹುಬ್ಬಳ್ಳಿಯಿಂದ ಯಲ್ಲಾಪುರ, ಅಂಕೋಲಾ ಮೇಲೆ ಬಸ್ಸಿನಲ್ಲಿ ಸುಮಾರು 165 ಕಿ.ಮೀ. ಅರಬೈಲ್ ಘಟ್ಟದಲ್ಲಿ ಹೊಟ್ಟೆ ತೊಳಸುವವರು ದೋಣಿಯಲ್ಲಿ ಇನ್ನೂ ಹುಷಾರಾಗಿರಬೇಕು. ಮೊದಲ ದಿನ ಪೂರಿ ತಿಂದು ಹತ್ತಿ ತುಂಬಾ ಒದ್ದಾಡಿದೆ. ಮರುದಿನದಿಂದ ಕಡಕ್ ರೊಟ್ಟಿ, ಒಂದು ಚೂರು ಶುಂಠಿ, ಅಷ್ಟೇ.

ಹೊರಡುವುದು ನಸುಕಿನಲ್ಲೇ. ಬಿಸಿಲೇರಿದರೆ ಗಾಳಿ ಎದ್ದು ಅಲೆಗಳಲ್ಲಿ ಬಿಳಿ ನೊರೆ ಏಳುತ್ತದೆ. ಆಮೇಲೆ ಅಲೆ ಯಾವುದು, ಡಾಲ್ಫಿನ್ ಬೆನ್ನು ಯಾವುದು ತಿಳಿಯುವುದಿಲ್ಲ.

ಕಾಳಿ ನದಿಯ ಅಳಿವೆಯ ಹತ್ತಿರ ನಾವು ನೋಡಿದ್ದು ಗೂನುಬೆನ್ನಿನ ಡಾಲ್ಫಿನ್. ಇವು ದಡದ ಹತ್ತಿರದ, ಜಾಸ್ತಿ ಆಳವಿಲ್ಲದ ನೀರಿನಲ್ಲೇ ಬದುಕುತ್ತವೆ. ಬೆನ್ನಿನ ಈಜುರೆಕ್ಕೆಯ ಅಂಚಿನ ಕಚ್ಚು, ಗಾಯದ ಕಲೆ ನೋಡಿ ಒಂದೊಂದನ್ನೂ ಗುರುತಿಸುತ್ತಾರೆ. ಹಾಗಾಗಿ ಜಿಗಿಯುವ ಫೋಟೋಕ್ಕೆ ಆಸೆ ಪಡಬೇಡಿ. ರೆಕ್ಕೆ ಪಕ್ಕದಿಂದ ಪೂರ್ತಿ ಕಾಣಬೇಕು, ಎಡಬದಿ ಬಲಬದಿ ಎರಡೂ.

ನನಗೆ ಕಷ್ಟವಾಗಿದ್ದು ಏನೂ ಕಾಣದ ಹೊತ್ತು. ಮೊದಲ ಬೆಳಿಗ್ಗೆ ನಾಲ್ಕು ತಾಸು ಸುಮ್ನೆ ನೀರು ನೋಡಿದೆವು. ನಾನು ಹಾಳೆ ಖಾಲಿ ಬಿಟ್ಟಿದ್ದೆ. ಅವಳು ಒಪ್ಪಲಿಲ್ಲ. "ಎಷ್ಟು ಹೊತ್ತು ಹುಡುಕಿದ್ವಿ ಅಂತ ಗೊತ್ತಿಲ್ದಿದ್ರ, ಎಷ್ಟು ಸಿಕ್ವು ಅನ್ನೋದಕ್ಕ ಏನು ಅರ್ಥ, ಮಾಮಾ?" ಅಂದಳು. ಅಲ್ವಾ! ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಸಮಯ, ಜಿಪಿಎಸ್, ಗಾಳಿ, ಸುತ್ತಲಿನ ದೋಣಿ ಎಲ್ಲ ಬರೆದೆ. ಡಾಲ್ಫಿನ್ ಗುಂಪು ಕಂಡರೆ ಮೂರು ಸಂಖ್ಯೆ: ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ನಮ್ಮ ಅಂದಾಜು ಎಷ್ಟು.

ಎರಡನೇ ದಿನ ಕಂಡ, ರೆಕ್ಕೆಯ ತುದಿ ಹರಿದ ಒಂದು ಡಾಲ್ಫಿನ್ ಮೂರನೇ ದಿನವೂ ಬಂತು. ಈ ಸಲ ಕಂತಬಲೆಯ, ಅಂದರೆ ನೀರಿನಲ್ಲಿ ಗೋಡೆಯಂತೆ ಇಳಿಬಿಡುವ ಮೀನುಬಲೆಯ, ಪಕ್ಕದಲ್ಲೇ. ನನ್ನ ಎದೆ ಧಸಕ್ ಅಂತು. ಡಾಲ್ಫಿನ್ ಉಸಿರಿಗಾಗಿ ಮೇಲೆ ಬರಲೇಬೇಕು, ಬಲೆಗೆ ಸಿಕ್ಕಿದರೆ ಮುಳುಗಿ ಸಾಯುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಈ ಜಾತಿ ಅಳಿವಿನಂಚಿನಲ್ಲಿದೆ. ಅದು ಬಲೆ ದಾಟಿ ಹೋಗುವವರೆಗೂ ನಾವಿಬ್ಬರೂ ಮಾತಾಡಲಿಲ್ಲ.

ಸಂಶೋಧಕರ ಜೊತೆಗೇ ಹೋಗಿ. ದೋಣಿಯವರಿಗೆ ಬೆನ್ನಟ್ಟಬೇಡಿ ಅಂತ ಮೊದಲೇ ಹೇಳಿ. ಮರಿ ಕಂಡರೆ ದೂರವೇ ಇರಿ. ಎಂಜಿನ್ ನಿಂತಾಗ 'ಫುಸ್' ಅಂತ ಉಸಿರು ಕೇಳುತ್ತದೆ, ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿಗೇ ಅವು ಸಿಕ್ಕವು. ಬರೆಯಲು ಪೆನ್ ಬೇಡ, ಪೆನ್ಸಿಲ್ ಒಯ್ಯಿರಿ. ಉಪ್ಪುನೀರು ಸಿಡಿದರೂ ಅಕ್ಷರ ಉಳಿಯುತ್ತದೆ.