ಸರ್ಟಿಫಿಕೇಟ್ ಬೇಡ ಅಂದ ಮೇಡಂ

ಈ ವಾರ ಒಂದು ಮಾತು ನನ್ನ ಬೆನ್ನು ಬಿಟ್ಟಿಲ್ಲ. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ರಾತ್ರಿ ಸೆಕೆ ತಾಳದೆ ಮಾಳಿಗೆ ಮೇಲೆ ಮಲಗಿದಾಗ, ಮತ್ತೆ ಮತ್ತೆ ಅದೇ ಕೇಳಿಸುತ್ತದೆ.

“ಸರ್ಟಿಫಿಕೇಟ್ ಬ್ಯಾಡ್ರಿ ಮೇಡಂ. ಹಿಂದಿನ ಬೆಂಚಿನಾಗ ಜಾಗ ಕೊಡ್ರಿ, ಸಾಕು.”

ಹೇಳಿದವರು ದೇವದುರ್ಗದ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಹೇಳಿದ್ದು ಸೋಮವಾರ ಬೆಳಿಗ್ಗೆ, ಈ ವಾರ ನಡೆದ ಅಧ್ಯಾಪಕರ ತರಬೇತಿಯ ನನ್ನ ನೋಂದಣಿ ಟೇಬಲ್ ಮುಂದೆ ನಿಂತು.

ನಾನಿರುವುದು ರಾಯಚೂರಿನಲ್ಲಿ, ಅಧ್ಯಾಪಕರ ತರಬೇತಿ ನೋಡಿಕೊಳ್ಳುವ ವಿಭಾಗದಲ್ಲಿ. ನಾನು ಪಾಠ ಮಾಡುವವಳಲ್ಲ. ಕಾಲೇಜುಗಳಿಗೆ ಪತ್ರ ಕಳಿಸುವುದು, ಸಂಪನ್ಮೂಲ ವ್ಯಕ್ತಿಗಳಿಗೆ, ಅಂದರೆ ತರಬೇತಿ ಕೊಡಲು ಬರುವವರಿಗೆ, ಫೋನ್ ಮಾಡಿ ದಿನ ಗೊತ್ತು ಮಾಡುವುದು, ಹಾಲ್ ಹಿಡಿಯುವುದು, ಪ್ರೊಜೆಕ್ಟರ್, ಮೈಕು, ಹಾಜರಿ ಹಾಳೆ, ಚಹಾ, ಊಟ, ಪ್ರಯಾಣದ ಖರ್ಚಿನ ಟಿಎ ಬಿಲ್ಲು, ಕೊನೆಗೆ ಫೀಡ್‌ಬ್ಯಾಕ್ ಫಾರ್ಮ್ ಓದಿ ವರದಿ ಮಾಡುವುದು. ಈ ಕೆಲಸ ನನಗೆ ತುಂಬಾ ಇಷ್ಟ. ಒಬ್ಬ ಮೇಷ್ಟ್ರು ಈಗಿನದಕ್ಕಿಂತ ಸ್ವಲ್ಪ ಚೆನ್ನಾಗಿ ಪಾಠ ಮಾಡಲು ಕಲಿತರೆ ಅದು ವರ್ಷ ವರ್ಷವೂ ನೂರಾರು ಮಕ್ಕಳಿಗೆ ಮುಟ್ಟುತ್ತದೆ. ಹಾಗಂತ ನಂಬಿಯೇ ನಾನು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಹಾಲ್ ಬಾಗಿಲು ತೆಗೆಸುತ್ತೇನೆ.

ಸೋಮವಾರ ಟೇಬಲ್ ಹತ್ತಿರ ಬಂದವರಲ್ಲಿ ಬಹಳಷ್ಟು ಜನರ ಮೊದಲ ಪ್ರಶ್ನೆ ಒಂದೇ. “ಸರ್ಟಿಫಿಕೇಟ್ ಕೊನೇ ದಿನಾನೇ ಕೊಡ್ತೀರಲ್ಲ?” ಕೇಳಿದ್ದು ತಪ್ಪಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮದಂತೆ ಕಾಯಂ ಅಧ್ಯಾಪಕರಿಗೆ ಸಿಎಎಸ್ ಅನ್ನುವ ಯೋಜನೆಯಲ್ಲಿ ಬಡ್ತಿ ಸಿಗಬೇಕಾದರೆ ಓರಿಯೆಂಟೇಷನ್, ರಿಫ್ರೆಶರ್ ಅಂತ ಕೋರ್ಸ್‌ಗಳು ಮುಗಿದಿರಬೇಕು. ಒಂದು ಕಾಗದ ಕಡಿಮೆಯಾದರೆ ಫೈಲು ನಿಲ್ಲುತ್ತದೆ, ಸಂಬಳದ ಹೆಚ್ಚಳ ನಿಲ್ಲುತ್ತದೆ. ಮನೆ ಮಠ ಇರುವವರಿಗೆ ಅದು ದೊಡ್ಡ ವಿಷಯ. ಆದರೂ ಬೆಳಿಗ್ಗೆ ಬೆಳಿಗ್ಗೆ ಅದನ್ನೇ ಕೇಳಿ ಕೇಳಿ ಮನಸ್ಸು ಸಪ್ಪಗಾಗುತ್ತದೆ.

ಗದ್ದಲ ಕಡಿಮೆಯಾದ ಮೇಲೆ ಈ ಮೇಡಂ ಬಂದರು. ಕಾಟನ್ ಸೀರೆ, ಹೆಗಲಿಗೆ ಬಟ್ಟೆ ಚೀಲ, ಮುಖದ ತುಂಬಾ ಬೆವರು. ಹೆಸರು ಕೇಳಿದೆ. ಹೇಳಿದರು. ಪಟ್ಟಿಯಲ್ಲಿ ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದೆ.

“ಇರಂಗಿಲ್ರಿ ಮೇಡಂ,” ಅಂದರು ಅವರೇ. “ನಾ ಗೆಸ್ಟ್ ಅದೀನಿ. ನಮ್ಮನ್ನ ಯಾರೂ ಡೆಪ್ಯೂಟ್ ಮಾಡಂಗಿಲ್ಲ.”

ಮತ್ತೆ ಹೇಗೆ ಬಂದಿರಿ ಅಂದೆ. ನಮ್ಮ ಪತ್ರ ಅವರ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಇತ್ತಂತೆ. ಈ ವಾರದ ತಮ್ಮ ಕ್ಲಾಸುಗಳನ್ನು ಜೊತೆಯವರಿಗೆ ಒಪ್ಪಿಸಿ, ಮುಂದಿನ ವಾರ ಅವರ ಕ್ಲಾಸು ತಾವು ತೆಗೆದುಕೊಳ್ಳುವ ಮಾತು ಕೊಟ್ಟು, ಪ್ರಿನ್ಸಿಪಾಲರಿಗೆ ಹೇಳಿ ಮೊದಲ ಬಸ್ಸಿಗೆ ಬಂದಿದ್ದರು. ಕಾಯಂ ಇದ್ದವರಿಗೆ ಓಓಡಿ ಇರುತ್ತದೆ, ಅಂದರೆ ತರಬೇತಿಗೆ ಬಂದ ದಿನವೂ ಕೆಲಸದ ದಿನ ಅಂತಲೇ ಲೆಕ್ಕ, ಹೋಗಿ ಬರುವ ಖರ್ಚು ಸಿಗುತ್ತದೆ. ಇವರಿಗೆ ಎರಡೂ ಇಲ್ಲ. ಬಡ್ತಿ ಅನ್ನುವುದಂತೂ ಇವರ ಕೆಲಸದಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಸರ್ಟಿಫಿಕೇಟ್ ಬಗ್ಗೆ ಕೇಳಿಬರುತ್ತೇನೆ ಅಂತ ನಾನು ಎದ್ದೆ. ಆಗ ಅಂದದ್ದು ಆ ಮಾತು. ಬೇಡ್ರಿ, ಜಾಗ ಕೊಡ್ರಿ ಸಾಕು.

ನಮ್ಮ ಕೋಆರ್ಡಿನೇಟರ್ ಸರ್ ಒಳ್ಳೆಯವರು. ವಿಷಯ ಕೇಳಿದವರು ಒಂದೇ ಮಾತಿನಲ್ಲಿ ಮುಗಿಸಿದರು. “ಕುರ್ಚಿ ಅದಾವಲ್ಲ, ಕುಂದರ್ಲಿ. ಕಿಟ್ಟು, ಊಟ ಎಲ್ಲರಿಗೂ ಕೊಟ್ಟಂಗ ಕೊಡ್ರಿ.” ನಮ್ಮ ಅಟೆಂಡರ್ ಕಾಕಾ ಆಗಲೇ ಫ್ಯಾನಿನ ಕೆಳಗೆ ಒಂದು ಕುರ್ಚಿ ಹಾಕಿದ್ದರು. ಯಾರಿಗೆ ಏನು ಬೇಕು ಅನ್ನುವುದು ಅವರಿಗೆ ನಮಗಿಂತ ಮೊದಲೇ ಗೊತ್ತಾಗುತ್ತದೆ. ಕಾಕಾ ಇಲ್ಲದೆ ನಮ್ಮಲ್ಲಿ ಒಂದು ತರಬೇತಿಯೂ ನಡೆಯುವುದಿಲ್ಲ, ಇದನ್ನು ಬರೆದು ಇಡಬೇಕು ಅಂತ ಬಹಳ ದಿನದಿಂದ ಇತ್ತು.

ಬುಧವಾರ ಮಧ್ಯಾಹ್ನ ಸೂಕ್ಷ್ಮ ಬೋಧನೆ. ಒಬ್ಬೊಬ್ಬರು ಹತ್ತು ನಿಮಿಷ ಪಾಠ ಮಾಡಬೇಕು, ಉಳಿದವರು ವಿದ್ಯಾರ್ಥಿಗಳ ಹಾಗೆ ಕೂತು ಕೇಳಿ ಅನಿಸಿದ್ದು ಹೇಳಬೇಕು. ಇಡೀ ವಾರದಲ್ಲಿ ನನಗೆ ಇದೇ ಮುಖ್ಯ ಅನಿಸುತ್ತದೆ. ಭಾಷಣ ಎಷ್ಟು ಕೇಳಿದರೂ ಪಾಠ ಮಾಡಲು ಬರುವುದಿಲ್ಲ. ಮಾಡಿ, ಇನ್ನೊಬ್ಬರ ಕಣ್ಣಿಗೆ ಅದು ಹೇಗೆ ಕಂಡಿತು ಅಂತ ತಿಳಿದುಕೊಂಡರೆ ಮಾತ್ರ ಬರುತ್ತದೆ. ಅವತ್ತು ಪಟ್ಟಿಯಲ್ಲಿದ್ದ ಒಬ್ಬರು ಬೆಳಿಗ್ಗೆ ಸಹಿ ಹಾಕಿ ಊಟವಾದ ಮೇಲೆ ಕಾಣಲೇ ಇಲ್ಲ. ನನಗೆ ಸಿಟ್ಟು ಬಂತು. ಅವರ ಜಾಗ ಖಾಲಿ ಬಿತ್ತು. ಸರ್ ಹಿಂದಿನ ಸಾಲಿನ ಕಡೆ ನೋಡಿ, “ಮೇಡಂ, ನೀವ್ ಮಾಡ್ತೀರೇನು?” ಅಂದರು.

ಅವರು ಎದ್ದು ಬಂದರು. ಪ್ರೊಜೆಕ್ಟರ್ ಕಡೆ ನೋಡಲಿಲ್ಲ. ಚಾಕ್‌ಪೀಸ್ ತೆಗೆದುಕೊಂಡರು.

“ನೀವೆಲ್ಲಾರೂ ಬಂಗಾರ ಹುಡುಕಾಕ ಬಂದೀರಿ ಅಂದ್ಕೊರ್ರಿ. ಬಂಗಾರದ ಗಣಿ ಇರೋ ಹಟ್ಟಿ ಈ ಕಡೆ ಐತಿ, ಮಸ್ಕಿ ಆ ಕಡೆ ಐತಿ. ಗುಡ್ಡದಾಗ ಅಡ್ಡಾಡುವಾಗ ಬಂಡಿಗಲ್ಲಿನ ಮ್ಯಾಲ ಬರದದ್ದು ಕಾಣಿಸ್ತು. ಓದಾಕ ಬರಂಗಿಲ್ಲ. ಏನ್ ಮಾಡ್ತೀರಿ?”

ಯಾರೋ ಫೋಟೋ ತೆಗೀತೀವಿ ಅಂದರು. ನಗು. “1915ರಾಗ ಮಸ್ಕಿ ಹತ್ರ ಬೀಡನ್ ಅನ್ನೋ ಗಣಿ ಎಂಜಿನಿಯರ್‌ಗೆ ಹಿಂಗ ಆತು,” ಅಂತ ಹೇಳಿ ಬೋರ್ಡಿನ ಮೇಲೆ ಒಂದು ಗುರುತು ಬರೆದರು. ನೇರ ಗೆರೆ, ಅಡ್ಡ ಗೆರೆ. ಇದೇನು ಅಂದರು. ಗಣಿತದ ಮೇಷ್ಟ್ರು ತಕ್ಷಣ ಪ್ಲಸ್ ಅಂದರು.

“ನಿಮಗ ಪ್ಲಸ್. ಬ್ರಾಹ್ಮಿ ಅನ್ನೋ ಹಳೇ ಲಿಪಿ ಓದೋರಿಗೆ ‘ಕ’. ನೆನಪಿಟ್ಕೊರ್ರಿ.”

ಆಮೇಲೆ ಕಥೆ ಹೇಳಿದರು. ದೇಶದ ಉದ್ದಗಲಕ್ಕೆ ಬಂಡೆ, ಕಂಬಗಳ ಮೇಲೆ ಇಂಥ ಬರಹ ಇದ್ದದ್ದು, ಯಾರಿಗೂ ಓದಲು ಬಾರದೆ ಹೋದದ್ದು, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯ ಗಂಟು ಬಿಡಿಸಿದ್ದು. ಓದಿದರೆ ಎಲ್ಲ ಕಡೆ ‘ದೇವಾನಾಂಪಿಯ ಪಿಯದಸಿ’, ದೇವರಿಗೆ ಪ್ರಿಯನಾದ ಪ್ರಿಯದರ್ಶಿ, ಅನ್ನುವ ಬಿರುದು. ಯಾರು ಈ ರಾಜ? ಶ್ರೀಲಂಕಾದ ಹಳೆಯ ಪಾಲಿ ಗ್ರಂಥಗಳಿಂದ ಒಂದು ಸುಳಿವು ಸಿಕ್ಕಿತ್ತು. ಆದರೆ ಕಲ್ಲಿನ ಮೇಲೆ ಆ ಹೆಸರೇ ಬೇಕಿತ್ತಲ್ವಾ? ಇಷ್ಟು ಹೇಳಿ ನಿಲ್ಲಿಸಿದರು. ತಿರುಗಿ ಬೋರ್ಡಿನ ಮೇಲೆ ಒಂದು ಅಕ್ಷರ ಬರೆದರು. “ಇದು ಅ.” ಇನ್ನೊಂದು ಬರೆದರು. “ಇದು ಸೋ.” ಮೂರನೆಯದು ಬರೆದರು, ನೇರ ಗೆರೆ, ಅಡ್ಡ ಗೆರೆ. ಬಾಯಿ ಬಿಡಲಿಲ್ಲ. ಸುಮ್ನೆ ನಮ್ಮ ಕಡೆ ನೋಡಿದರು.

ಇಡೀ ಹಾಲು “ಕ” ಅಂತು. ಹತ್ತಾರು ವರ್ಷ ಪಾಠ ಮಾಡಿದವರು, ಪಿಎಚ್‌ಡಿ ಆದವರು, ಬಾಗಿಲ ಹತ್ತಿರ ನಿಂತ ಕಾಕಾ, ನಾನು, ಎಲ್ಲರೂ. ಅಶೋಕ ಅಂತ ಅವರು ಹೇಳಲಿಲ್ಲ. ನಾವೇ ಓದಿದೆವು. ನನ್ನ ಮೈ ಜುಮ್ ಅಂತು.

“ಈ ಹೆಸರು ಶಾಸನದಾಗ ಮೊದಲು ಸಿಕ್ಕಿದ್ದು ನಮ್ಮ ಜಿಲ್ಲಾದ ಮಸ್ಕಿಯಾಗ, ಆ ಬೀಡನ್ ಕಂಡ ಕಲ್ಲಿನ ಮ್ಯಾಲ. ಆಮ್ಯಾಲ ಬಳ್ಳಾರಿ ಜಿಲ್ಲಾದ ನಿಟ್ಟೂರು, ಉಡೇಗೋಳದಾಗೂ ಸಿಕ್ತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನಾಗೂ ಅಶೋಕನ ಶಾಸನ ಅದಾವ. ಮಸ್ಕಿಗೆ ಎಷ್ಟು ಮಂದಿ ಹೋಗಿ ನೋಡೀರಿ?” ಎರಡು ಮೂರು ಕೈ ಮೇಲೆ ಬಂದವು. ಸಮಯ ಆಯಿತು. ನಮಸ್ಕಾರ ಮಾಡಿ ಕೆಳಗಿಳಿದರು.

ಆಮೇಲೆ ಅಭಿಪ್ರಾಯ ಹೇಳುವ ಸರದಿ. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, ಕಲಿಕಾ ಫಲಿತಾಂಶ ಮೊದಲೇ ಹೇಳಲಿಲ್ಲ, ಪಿಪಿಟಿ ಇರಲಿಲ್ಲ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅವರದೇ ಪಾಠದಲ್ಲಿ ಎಲ್ಲವೂ ಸ್ಲೈಡಿನಲ್ಲಿ ಇತ್ತು, ಅವರು ನಮ್ಮ ಕಡೆ ಬೆನ್ನು ಮಾಡಿ ಅದನ್ನು ಓದಿದರು. ಫಾರ್ಮಿನಲ್ಲಿ ಇರುವ ಕಾಲಂಗಳೆಲ್ಲ ತುಂಬಿದ ಮೇಲೂ ಪಾಠ ಆಗದೇ ಇರಬಹುದು. ಆ ಕಾಲಂಗಳನ್ನು ಟೈಪ್ ಮಾಡುವವಳು ನಾನೇ ಆದ್ದರಿಂದ ಇದನ್ನು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದವರು ಹೇಳಿದ್ದು ಬೇರೆ. ಪಾಠ ಬಹಳ ಚೆನ್ನಾಗಿತ್ತು, ಆದರೆ ಬರೆಯುವಾಗ ನೀವು ಬೋರ್ಡಿಗೆ ಅಡ್ಡ ನಿಲ್ಲುತ್ತೀರಿ, ಎಡಗಡೆ ಕೂತವರಿಗೆ ಎರಡನೇ ಅಕ್ಷರ ಕಾಣಲೇ ಇಲ್ಲ ಅಂದರು. ಮೇಡಂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಚಹಾದ ಹೊತ್ತಿಗೆ ಎಲ್ಲರೂ ಒಗ್ಗರಣಿ ಮಿರ್ಚಿ ಕಡೆ ಹೋದರು. ನಾನು ಫಾರ್ಮ್ ಎತ್ತಿಕೊಳ್ಳಲು ಹಾಲಿಗೆ ವಾಪಸ್ ಬಂದರೆ ಈ ಮೇಡಂ ಒಬ್ಬರೇ ಬೋರ್ಡಿನ ಮುಂದೆ ನಿಂತಿದ್ದಾರೆ. ಪಕ್ಕಕ್ಕೆ ಸರಿದು, ಕೈ ಚಾಚಿ, ಅದೇ ಮೂರು ಅಕ್ಷರ ಬರೆಯುತ್ತಿದ್ದಾರೆ. ಅಕ್ಷರ ಸೊಟ್ಟ ಆಗುತ್ತಿತ್ತು. ಒರೆಸುತ್ತಿದ್ದರು, ಮತ್ತೆ ಬರೆಯುತ್ತಿದ್ದರು.

“ಮೇಡಂ, ಆ ಎಡಗಡೆ ಮೂಲಿಯೊಳಗ ಸ್ವಲ್ಪ ಕುಂದರ್ರಿ. ಈಗ ಕಾಣ್ತದೇನು?”

ಹೋಗಿ ಕೂತೆ. ಕಾಣ್ತದ್ರಿ ಅಂದೆ. “ಖರೇನ?” ಅಂದರು. ಖರೇನ ಕಾಣುತ್ತಿತ್ತು.

ಅವರ ಜೊತೆ ಮಾತಾಡಿದಾಗ ಇನ್ನೂ ಒಂದಿಷ್ಟು ಗೊತ್ತಾಯಿತು. ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪದವಿ ಕೋರ್ಸು 2021-22ಕ್ಕೆ ಬಂತು. 2024-25ಕ್ಕೆ ಮತ್ತೆ ಮೂರು ವರ್ಷದ ಹೊಸ ಪಠ್ಯಕ್ರಮ. ಆ ವರ್ಷ ಒಂದೇ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಒಂದು ಸಿಲಬಸ್, ಮೇಲಿನ ತರಗತಿಯವರಿಗೆ ಇನ್ನೊಂದು. ಎರಡನ್ನೂ ಕ್ಲಾಸಿನಲ್ಲಿ ನಿಂತು ನಡೆಸಿದವರಲ್ಲಿ ಎಷ್ಟೋ ಜನ ಅತಿಥಿ ಉಪನ್ಯಾಸಕರು. 2022ರ ಜನವರಿಯಲ್ಲಿ ಸರ್ಕಾರ ಇವರ ಗೌರವಧನ ಹೆಚ್ಚಿಸಿತು, ಜೊತೆಗೆ ವಾರದ ಪಾಠವನ್ನು 15 ಗಂಟೆಗೆ ಏರಿಸಿತು. ಕೆಲವು ಕಾಲೇಜುಗಳಲ್ಲಿ ಒಂದು ವಿಷಯ ಪೂರ್ತಿ ಇವರ ಮೇಲೆಯೇ ನಡೆಯುತ್ತದೆ. ಹೊಸ ಪೇಪರ್ ಬಂದಾಗ ಇದನ್ನು ಹೇಗೆ ಪಾಠ ಮಾಡಬೇಕು ಅಂತ ಕೂರಿಸಿ ಹೇಳಿಕೊಟ್ಟವರು ಯಾರು ಅಂತ ಕೇಳಿದೆ. “ಯೂಟ್ಯೂಬ್ ರೀ,” ಅಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಬೇಸರ ಕೂಡ ಇರಲಿಲ್ಲ. ಹಾಗೆ ರೂಢಿಯಾಗಿಬಿಟ್ಟಿದೆ. ನನಗೆ ಆ ರೂಢಿಯೇ ಹೆಚ್ಚು ನೋವು ಕೊಟ್ಟಿತು.

ನಮ್ಮ ಕೆಲಸದ ಇತಿಹಾಸ ನನಗೆ ತಕ್ಕಮಟ್ಟಿಗೆ ಗೊತ್ತು. 1986ರ ಶಿಕ್ಷಣ ನೀತಿಯಾದ ಮೇಲೆ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಶುರು ಮಾಡಿತು. ಡಿಗ್ರಿ ಕಾಲೇಜಿಗೆ ಮೇಷ್ಟ್ರಾಗಿ ಬರುವವರಿಗೆ ಬಿಎಡ್ ಬೇಕಾಗಿಲ್ಲ. ವಿಷಯ ಗೊತ್ತಿರುತ್ತದೆ, ಹೇಳಿಕೊಡುವ ಬಗೆ ಯಾರೂ ಕಲಿಸಿರುವುದಿಲ್ಲ. ಆ ಕೊರತೆ ತುಂಬಬೇಕು ಅನ್ನುವುದು ಉದ್ದೇಶ. 2015ರಲ್ಲಿ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಲ್ಲಿ ಮಾಳವೀಯ ಮಿಷನ್ ಹೆಸರಿಗೆ ಬಂದವು. ಬೋರ್ಡು ಬದಲಾದರೂ ಉದ್ದೇಶ ಒಳ್ಳೆಯದೇ. ಆದರೆ ನಡುವೆ ಎಲ್ಲೋ ತರಬೇತಿ ಮತ್ತು ಬಡ್ತಿ ಗಂಟು ಬಿದ್ದವು. ಯಾರಿಗೆ ಬಡ್ತಿ ಇದೆಯೋ ಅವರಿಗೆ ಪತ್ರ ಹೋಗುತ್ತದೆ. ಯಾರು ನಾಳೆ ಬೆಳಿಗ್ಗೆ ಅರವತ್ತು ಎಂಬತ್ತು ಮಕ್ಕಳ ಮುಂದೆ ನಿಲ್ಲುತ್ತಾರೆ ಅಂತ ನಾವು ಕೇಳುವುದಿಲ್ಲ. ಆ ಮಕ್ಕಳಿಗೆ ಮೇಷ್ಟ್ರು ಕಾಯಮ್ಮೋ ಗೆಸ್ಟೋ ಅನ್ನುವುದರಿಂದ ಏನಾಗಬೇಕು? ಅವರಿಗೆ ಬೋರ್ಡು ಕಾಣಬೇಕು, ಪಾಠ ತಿಳಿಯಬೇಕು, ಅಷ್ಟೇ.

ಕಾಯಂ ಇದ್ದವರೆಲ್ಲ ಕಾಗದಕ್ಕೇ ಬರುತ್ತಾರೆ ಅಂತ ನಾನು ಹೇಳುತ್ತಿಲ್ಲ, ಅದು ಅನ್ಯಾಯವಾಗುತ್ತದೆ. ಇದೇ ಬ್ಯಾಚಿನಲ್ಲಿ ನಿವೃತ್ತಿಗೆ ಹತ್ತಿರ ಬಂದ ಕನ್ನಡದ ಮೇಷ್ಟ್ರು ಒಬ್ಬರಿದ್ದರು. ಅವರಿಗೆ ಇನ್ನು ಯಾವ ಬಡ್ತಿಯೂ ಬಾಕಿ ಇಲ್ಲ. ಗುರುವಾರ ಈ ಮೇಡಂ ಪಕ್ಕದಲ್ಲಿ ಕೂತು ತಮ್ಮ ಡೈರಿಯಲ್ಲಿ ಬ್ರಾಹ್ಮಿ ಅಕ್ಷರ ಬರೆಸಿಕೊಂಡರು. “ತಾಯಿ, ನಮ್ಮ ಹುಡುಗ್ರಿಗೆ ಕನ್ನಡ ಲಿಪಿ ಎಲ್ಲಿಂದ ಬಂತು ಅಂತ ಹೇಳಾಕ ಇದು ಬೇಕು,” ಅಂದರು. ಇಬ್ಬರೂ ಊಟದ ಹೊತ್ತು ಮರೆತು ಕೂತಿದ್ದರು. ಕಾಕಾ ಹೋಗಿ ಎಬ್ಬಿಸಿದರು.

ಅವತ್ತೇ ನಾನೊಂದು ಟಿಪ್ಪಣಿ ಬರೆದು ಕೋಆರ್ಡಿನೇಟರ್ ಸರ್ ಮುಂದೆ ಇಟ್ಟೆ. ಮುಂದಿನ ತರಬೇತಿಯ ಪತ್ರದಲ್ಲಿ ಅತಿಥಿ ಉಪನ್ಯಾಸಕರನ್ನೂ ಕಳಿಸಿ ಅಂತ ಒಂದು ಸಾಲು ಸೇರಬೇಕು. ಪ್ರತಿ ಬ್ಯಾಚಿನಲ್ಲಿ ಅವರಿಗೆ ಒಂದಿಷ್ಟು ಜಾಗ ಮೀಸಲಿಡಬೇಕು. ಬಸ್ ಖರ್ಚು ಕೊಡಬೇಕು. ಬಂದ ದಿನಗಳನ್ನು ಅವರ ವಾರದ ಗಂಟೆಗಳಲ್ಲಿ ಲೆಕ್ಕ ಹಿಡಿಯುವಂತೆ ಕಾಲೇಜುಗಳನ್ನು ಕೇಳಿಕೊಳ್ಳಬೇಕು. ಸರ್ ಓದಿ, ಕೆಳಗೆ ತಮ್ಮ ಕೈಯಲ್ಲೇ ಇನ್ನೊಂದು ಸಾಲು ಸೇರಿಸಿದರು: ಸೂಕ್ಷ್ಮ ಬೋಧನೆ ಕನ್ನಡದಲ್ಲೂ ನಡೆಯಲಿ, ಕ್ಲಾಸಿನಲ್ಲಿ ಇವರು ಮಾತಾಡುವುದು ಕನ್ನಡದಲ್ಲೇ ತಾನೆ. ಸಹಿ ಮಾಡಿ ಮೇಲಕ್ಕೆ ಕಳಿಸಿದರು.

ಶುಕ್ರವಾರ ಸಂಜೆ ಮೇಡಂ ಹೊರಟಾಗ ಫೋನ್ ನಂಬರ್ ಇಸಿದುಕೊಂಡೆ. ಅವರ ಕಾಲೇಜಿನಲ್ಲಿ ಇನ್ನೂ ಮೂರು ನಾಲ್ಕು ಜನ ಬರಲು ತಯಾರಿದ್ದಾರಂತೆ. ಅವರಲ್ಲೊಬ್ಬರು ಅರ್ಥಶಾಸ್ತ್ರದವರು. ಕನ್ನಡ ಮಾಧ್ಯಮದಿಂದ ಬಂದವರೂ ಇಂಗ್ಲಿಷ್ ಮಾಧ್ಯಮದವರೂ ಒಂದೇ ಕ್ಲಾಸಿನಲ್ಲಿ ಕೂತಾಗ ಯಾರನ್ನೂ ಬಿಟ್ಟುಹೋಗದ ಹಾಗೆ ಪಾಠ ಮಾಡುವುದು ಹೇಗೆ ಅಂತ ಅವರಿಗೆ ಕಲಿಯಬೇಕಂತೆ. ಅದನ್ನು ಚೆನ್ನಾಗಿ ಹೇಳಿಕೊಡಬಲ್ಲವರು ಯಾರು ಅಂತ ನಾನು ಈಗಲೇ ಹುಡುಕಲು ಶುರು ಮಾಡಿದ್ದೇನೆ.