ಕ್ರೀಟ್ ಹಾಳೆಗೆ ತಿಥಿ ಕಾಲಂ ಸೇರಿತು

ಎರಡನೇ ಮಹಾಯುದ್ಧದಲ್ಲಿ ಗ್ರೀಸ್‌ನ ಕ್ರೀಟ್ ದ್ವೀಪದಿಂದ ಸೈನಿಕರು ತಪ್ಪಿಸಿಕೊಂಡ, ಗುಪ್ತ ಕಾರ್ಯಾಚರಣೆಯವರು ಬಂದುಹೋದ ರಾತ್ರಿಗಳನ್ನು ನಾನು ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಪಟ್ಟಿ ಮಾಡುತ್ತಿದ್ದೇನೆ. ಅದಕ್ಕೆ ಈ ಸಲ ಹೊಸದೊಂದು ಕಾಲಂ ಹಾಕಿದೆ: ಆ ರಾತ್ರಿ ಯಾವ ತಿಥಿ? ಇಷ್ಟು ದಿನ ತಾರೀಕು, ದಡ, ದೋಣಿ, ಎಷ್ಟು ಜನ, ಎಲ್ಲಿ ಓದಿದ್ದು, ಇಷ್ಟೇ ಇತ್ತು. ತಿಥಿ ಸೇರಿಸಿದ ಮೇಲೆ ಹಾಳೆಗೆ ಜೀವ ಬಂದಿದೆ.

ಹೊಸದಾಗಿ ಓದುತ್ತಿರುವವರಿಗೆ ಹಿನ್ನೆಲೆ ಇಷ್ಟು. 1941ರ ಮೇ 20ರಂದು ಜರ್ಮನ್ ಪ್ಯಾರಾಚೂಟ್ ಪಡೆ ಕ್ರೀಟ್ ಮೇಲೆ ಇಳಿಯಿತು. ಜೂನ್ 1ಕ್ಕೆ ಎಲ್ಲಾ ಮುಗಿದಿತ್ತು. ದಕ್ಷಿಣ ದಡದ ಸ್ಫಾಕಿಯಾದಿಂದ ನಾಲ್ಕು ರಾತ್ರಿ ಹಡಗುಗಳು ಬ್ರಿಟಿಷ್ ಕಡೆಯ ಸೈನಿಕರನ್ನು ಈಜಿಪ್ಟ್‌ಗೆ ಸಾಗಿಸಿದವು. ಆದರೂ ಸಾವಿರಾರು ಜನ ದಡದಲ್ಲೇ ಉಳಿದು ಶರಣಾದರು. ಶರಣಾಗದವರು, ಸೆರೆ ಶಿಬಿರದಿಂದ ನುಸುಳಿದವರು ಬೆಟ್ಟ ಹತ್ತಿದರು. ಅವರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾದವರೇ ಜಾಸ್ತಿ. ಅವರಿಗೆ ಊಟ, ಬಟ್ಟೆ, ಗುಹೆ ಎಲ್ಲಾ ಕೊಟ್ಟಿದ್ದು ಹಳ್ಳಿಯವರು, ಕುರುಬರು. ಅದೇನು ಸಣ್ಣ ಧೈರ್ಯವಲ್ಲ. ಜೂನ್ 3ಕ್ಕೇ ಜರ್ಮನ್ನರು ಕಾಂಡಾನೋಸ್ ಎಂಬ ಇಡೀ ಊರನ್ನು ನೆಲಸಮ ಮಾಡಿದ್ದರು.

ಈಗ ತಿಥಿಗೆ ಬರೋಣ. ದೋಣಿ ಗುಟ್ಟಾಗಿ ದಡಕ್ಕೆ ಬರಬೇಕಾದರೆ ಕತ್ತಲೆ ಬೇಕು. ಪ್ಯಾರಾಚೂಟ್‌ನಲ್ಲಿ ಇಳಿಯುವವನಿಗೆ ಬೆಳದಿಂಗಳು ಬೇಕು. ಓದುವಾಗ ಇದು ಗೊತ್ತಿದ್ದ ಮಾತೇ. ಆದರೆ ತಾರೀಕಿನ ಪಕ್ಕದಲ್ಲಿ ಅಮಾವಾಸ್ಯೆ, ಹುಣ್ಣಿಮೆ ಬರೆದು ನೋಡಿದರೆ ಬೇರೆಯೇ ಥರ ಕಾಣುತ್ತದೆ. ಲೆಕ್ಕ ಸರಾಸರಿಯದು, ಒಂದು ದಿನ ಆಚೀಚೆ ಆಗಬಹುದು. ಆ ಕಾಲದ ಪಂಚಾಂಗ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ತಿಳಿಸಿ!

ಸ್ಫಾಕಿಯಾದ ನಾಲ್ಕು ರಾತ್ರಿಗಳು ಮೇ 28ರಿಂದ 31. ಅಮಾವಾಸ್ಯೆ ಮೇ 26. ಇದನ್ನು ಯಾರೂ ಯೋಜಿಸಿರಲಿಲ್ಲ, ಸೋಲು ಬಂದ ಹೊತ್ತಿಗೆ ಕತ್ತಲೆ ಸಿಕ್ಕಿತು ಅಷ್ಟೆ. ಅದೇ ದಕ್ಷಿಣ ದಡದ ಪ್ರೆವೆಲಿ ಮಠದ ಕತೆ ಹಾಗಲ್ಲ. ಅಲ್ಲಿನ ಮಠಾಧಿಪತಿ ಅಗಾಥಾಂಗೆಲೋಸ್ ಲಗೂವಾರ್ಡೋಸ್ ತಪ್ಪಿಸಿಕೊಂಡ ಸೈನಿಕರನ್ನು ಮಠದಲ್ಲೂ ಸುತ್ತಲ ಹಳ್ಳಿಗಳಲ್ಲೂ ಅಡಗಿಸಿದರು. ಜುಲೈ ಕೊನೆಯ ವಾರ ಥ್ರಾಷರ್ ಎಂಬ ಜಲಾಂತರ್ಗಾಮಿ ಬಂದು 70ಕ್ಕೂ ಹೆಚ್ಚು ಜನರನ್ನು ಒಯ್ದಿತು. ಅಮಾವಾಸ್ಯೆ ಜುಲೈ 24. ಎಳೆ ಚಂದ್ರ ಬೇಗ ಮುಳುಗುವ ದಿನಗಳು. ಮುಂದಿನ ತಿಂಗಳು ಟಾರ್ಬೇ ಎಂಬ ಇನ್ನೊಂದು ಜಲಾಂತರ್ಗಾಮಿ ಬಂದಿದ್ದು ಆಗಸ್ಟ್ 20ರ ಆಸುಪಾಸು, 100ಕ್ಕೂ ಹೆಚ್ಚು ಜನ ಹತ್ತಿದರು. ಅಮಾವಾಸ್ಯೆಗೆ ಇನ್ನು ಎರಡು ಮೂರು ದಿನ. ಎರಡು ಸಾಲೂ ಹೀಗೆ ಹೊಂದಿದ್ದು ನೋಡಿ ಖುಷಿಯಾಯಿತು.

ಥ್ರಾಷರ್‌ನಿಂದ ದಡಕ್ಕೆ ಇಳಿದು ಈ ಏರ್ಪಾಟು ಮಾಡಿದವರು ಫ್ರಾನ್ಸಿಸ್ ಪೂಲ್ ಎಂಬ ನೌಕಾ ಅಧಿಕಾರಿ. ಯುದ್ಧಕ್ಕೆ ಮುಂಚೆ ಅವರು ಇದೇ ದ್ವೀಪದ ಎಲೌಂಡಾದಲ್ಲಿ ಇಂಪೀರಿಯಲ್ ಏರ್‌ವೇಸ್‌ನ ನೀರ್ವಿಮಾನ ನಿಲ್ದಾಣ ನೋಡಿಕೊಳ್ಳುತ್ತಿದ್ದರು. ಇಂಥವರನ್ನು ಯಾವ ಗುಂಪಿಗೆ ಹಾಕುವುದು? ನಾನು ಶುರುವಿನಲ್ಲಿ ಎರಡು ಹಾಳೆ ಮಾಡಿದ್ದೆ. ಒಂದು ತಪ್ಪಿಸಿಕೊಂಡ ಸೈನಿಕರದು, ಇನ್ನೊಂದು ಗುಪ್ತ ಕಾರ್ಯಾಚರಣೆಯದು. ಈಗ ಒಂದೇ ಮಾಡಿದ್ದೇನೆ. ದಡ ಅದೇ, ದಾರಿ ಅದೇ, ರೊಟ್ಟಿ ಕೊಟ್ಟ ಮನೆಯೂ ಎಷ್ಟೋ ಸಲ ಅದೇ. ಜನವೂ ಅವರೇ. ನ್ಯೂಜಿಲೆಂಡಿನ ಟಾಮ್ ಮೊಯರ್ ಸೆರೆಯಿಂದ ತಪ್ಪಿಸಿಕೊಂಡು ಈಜಿಪ್ಟ್ ಸೇರಿದರು. ಆಮೇಲೆ ಉಳಿದವರನ್ನು ಹುಡುಕಿ ಕರೆತರಲು ಅದೇ ದ್ವೀಪಕ್ಕೆ ವಾಪಸ್ ಹೋದರು. 1943ರಲ್ಲಿ ದೊಡ್ಡ ಗುಂಪೊಂದನ್ನು ಸಾಗಹಾಕಿ, ತಾವೇ ಸಿಕ್ಕಿಬಿದ್ದರು. ಅದೇ ದೇಶದ ಡಡ್ಲಿ ಪರ್ಕಿನ್ಸ್ ಕೂಡ ತಪ್ಪಿಸಿಕೊಂಡು ಹೋಗಿ, ಬ್ರಿಟಿಷ್ ಗುಪ್ತ ಕಾರ್ಯಪಡೆಯವರಾಗಿ ಹಿಂದಿರುಗಿದರು. ಕ್ರೀಟ್ ಜನರಿಗೆ ಅವರು ವಾಸಿಲಿ. 1944ರ ಫೆಬ್ರವರಿಯಲ್ಲಿ ಬೆಟ್ಟದಲ್ಲೇ ಸತ್ತರು. ಒಮ್ಮೆ ಪಾರಾದವರು ಮತ್ತೆ ಹೋದದ್ದೇಕೆ ಅಂತ ದಾಖಲೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ನನಗನ್ನಿಸುವುದು, ಅವರಿಗೆ ಅಲ್ಲಿ ಋಣ ಇತ್ತು.

ಇನ್ನು ಎಲ್ಲರಿಗೂ ಗೊತ್ತಿರುವ ಕತೆ, ಕ್ರೀಟ್‌ನಲ್ಲಿದ್ದ ಜರ್ಮನ್ ಸೇನಾಧಿಕಾರಿ ಜನರಲ್ ಕ್ರೈಪೆ ಅಪಹರಣ. ಬ್ರಿಟಿಷ್ ಗುಪ್ತ ಕಾರ್ಯಪಡೆಯ ಪ್ಯಾಟ್ರಿಕ್ ಲೀ ಫರ್ಮರ್ 1944ರ ಫೆಬ್ರವರಿ ಮೊದಲ ವಾರ ಪ್ಯಾರಾಚೂಟ್‌ನಲ್ಲಿ ಇಳಿದರು. ದಶಮಿಯ ಹೊತ್ತು, ಸರಿಯಾಗಿದೆ. ಮೋಡದಿಂದಾಗಿ ಜೊತೆಯವರಿಗೆ ಹಾರಲಾಗಲಿಲ್ಲ. ಸ್ಟ್ಯಾನ್ಲಿ ಮಾಸ್ ಮತ್ತಿಬ್ಬರು ದೋಣಿಯಲ್ಲಿ ಬಂದಿದ್ದು ಏಪ್ರಿಲ್ 4ಕ್ಕೆ. ಇಲ್ಲೇ ನನ್ನ ಕಾಲಂ ಕೈಕೊಡುತ್ತದೆ. ಹುಣ್ಣಿಮೆ ಏಪ್ರಿಲ್ 8, ಅಂದರೆ ಅವತ್ತು ಒಳ್ಳೇ ಬೆಳದಿಂಗಳು! ಎರಡು ತಿಂಗಳು ಕಾದು ಸಾಕಾಗಿ, ಸಿಕ್ಕ ರಾತ್ರಿ ಹೊರಟರು ಅನ್ನುವುದು ನನ್ನ ಊಹೆ. ಸಾಲಿಗೆ ಹಳದಿ ಬಣ್ಣ ಹಚ್ಚಿಟ್ಟಿದ್ದೇನೆ.

ಏಪ್ರಿಲ್ 26ರ ರಾತ್ರಿ ಜನರಲ್‌ನನ್ನು ಅವರದೇ ಕಾರಿನಲ್ಲಿ ಹಿಡಿದು, ಹೆರಾಕ್ಲಿಯನ್ ಊರಿನ ತಪಾಸಣಾ ಕಟ್ಟೆಗಳನ್ನು ದಾಟಿ, ಸಿಲೋರಿಟಿಸ್ ಬೆಟ್ಟ ಹತ್ತಿಸಿ, ಮೇ 14ರ ರಾತ್ರಿ ರೊಡಾಕಿನೊ ದಡದಿಂದ ದೋಣಿ ಹತ್ತಿಸಿದರು. ಅವತ್ತು ಬಹುಳ ಸಪ್ತಮಿ ಸುಮಾರು. ಚಂದ್ರ ಹುಟ್ಟುವುದು ನಡುರಾತ್ರಿ ದಾಟಿದ ಮೇಲೆ. ದೋಣಿಗೆ ಟಾರ್ಚ್‌ನಲ್ಲಿ ಮೋರ್ಸ್ ಸಂಕೇತ ತೋರಿಸಬೇಕಿತ್ತು. ಇಷ್ಟೆಲ್ಲಾ ಸಾಹಸ ಮಾಡಿದ ಲೀ ಫರ್ಮರ್, ಮಾಸ್ ಇಬ್ಬರಿಗೂ ಮೋರ್ಸ್ ಸರಿಯಾಗಿ ಬರುತ್ತಿರಲಿಲ್ಲ ನೋಡಿ! ಇನ್ನೊಬ್ಬ ಬ್ರಿಟಿಷ್ ಅಧಿಕಾರಿ ಡೆನಿಸ್ ಸಿಕ್ಲಿಟೀರಾ ಹೊತ್ತಿಗೆ ಸರಿಯಾಗಿ ಬಂದು ಕಾಪಾಡಿದರು.

ದಾಖಲೆಗಳ ಬಗ್ಗೆ ಕೇಳಿದವರಿಗೆ: ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಡಬ್ಲ್ಯೂಓ (ಯುದ್ಧ ಇಲಾಖೆ) 208 ಸರಣಿಯಲ್ಲಿ ತಪ್ಪಿಸಿಕೊಂಡವರ ಹೇಳಿಕೆಗಳಿವೆ. ಸೂಚಿ ನೋಡಲು ದುಡ್ಡಿಲ್ಲ, ಪ್ರತಿ ತರಿಸಲು ಇದೆ. ನ್ಯೂಜಿಲೆಂಡಿನ ಅಧಿಕೃತ ಯುದ್ಧ ಇತಿಹಾಸವಂತೂ ಪೂರ್ತಿ ಉಚಿತವಾಗಿ ಓದಲು ಸಿಗುತ್ತದೆ. ಅಲ್ಲಿಂದಲೇ ಶುರುಮಾಡಿ.

ಮುಂದಿನದು ಇಟಲಿಯ ಹಾಳೆ. 1943ರ ಸೆಪ್ಟೆಂಬರ್ 8ರಂದು ಇಟಲಿಯ ಕದನವಿರಾಮ ಘೋಷಣೆಯಾಯಿತು. ಆಗ ಭಾರತೀಯ ಕೈದಿಗಳಿದ್ದ ಆವೆಜಾನೊ ಶಿಬಿರವೂ ಈ ಹಾಳೆಯಲ್ಲಿ ಬರುತ್ತದೆ. ಮುಂದೆ ಭಾರತದ ಸೇನಾ ಮುಖ್ಯಸ್ಥರಾದ ಕುಮಾರಮಂಗಲಂ ಕೂಡ ಇಟಲಿಯಲ್ಲಿ ಸೆರೆಯಲ್ಲಿದ್ದವರು. ಮೊದಲು ಅಕ್ಟೋಬರ್‌ನ ಸಿಮ್‌ಕೋಲ್ ಕಾರ್ಯಾಚರಣೆ ತುಂಬುತ್ತೇನೆ. ಅಲ್ಲಿ ಪ್ಯಾರಾಚೂಟ್‌ನಲ್ಲಿ ಇಳಿದವರು ಶಿಬಿರಗಳಿಂದ ತಪ್ಪಿಸಿಕೊಂಡ ಕೈದಿಗಳನ್ನು ಹುಡುಕಿ ಏಡ್ರಿಯಾಟಿಕ್ ದಡಕ್ಕೆ ತರಬೇಕು, ಅಲ್ಲಿಂದ ದೋಣಿಗಳು ಒಯ್ಯಬೇಕು. ಅಮಾವಾಸ್ಯೆ ಸೆಪ್ಟೆಂಬರ್ 29ಕ್ಕಿದೆ. ಇಳಿಯುವವರಿಗೆ ಬೆಳದಿಂಗಳು, ದೋಣಿಗೆ ಕತ್ತಲೆ ಬೇಕಾದ್ದರಿಂದ ಇಳಿಯುವುದಕ್ಕೆ ಒಂದು, ಹತ್ತುವುದಕ್ಕೆ ಒಂದು ಅಂತ ಎರಡು ತಿಥಿ ಕಾಲಂ ಬೇಕಾಗುತ್ತದೆ.