ಮಚ್ಚಿಗೆ ಹದ ಹಾಕಿದ ಬೆಳಗು

ಪಾಂಡವಪುರದ ಸಮೀಪದ ಹಳ್ಳಿಯೊಂದರ ಕುಲುಮೆಯಲ್ಲಿ 14 ತಿಂಗಳು ಕತ್ತಿ, ಕುಡುಗೋಲು, ಮಚ್ಚುಗಳನ್ನು ಬಡಿಯಲು ಕಲಿತ ಮೇಲೆ, ಸಂಕ್ರಾಂತಿ ಕಳೆದ ಮೊದಲ ಬುಧವಾರದ ನಸುಕಿನಲ್ಲಿ ಆಚಾರ್ರು ನನ್ನೊಬ್ಬನನ್ನೇ ಒಲೆಯ ಮುಂದೆ ನಿಲ್ಲಿಸಿದರು. "ಇವತ್ತು ನಾನು ಬಾಯಿ ಬಿಡಾಕಿಲ್ಲ ಮಗ. ಎತ್ತೋದು, ಅದ್ದೋದು ಎಲ್ಲಾ ನಿಂದೇಯ" ಎಂದು ಹೇಳಿ ಬಾಗಿಲ ಬಳಿ ಕುಳಿತರು. ಅವರ ಪತ್ನಿ, ನಾನು ಅಮ್ಮ ಎಂದು ಕರೆಯುವವರು, ಗಾಳಿಚಕ್ರದ ಹಿಡಿಯನ್ನು ತಿರುಗಿಸತೊಡಗಿದರು. ದೊಡ್ಡ ಸುತ್ತಿಗೆಯ ಪೆಟ್ಟು ಎಲ್ಲಿ ಬೀಳಬೇಕೆಂಬುದನ್ನು ನನಗೆ ಮೊದಲು ಕಲಿಸಿದವರು ಅವರೇ.

ಮಾಡಬೇಕಾಗಿದ್ದುದು ಕಬ್ಬು ಕಡಿಯುವ ಮಚ್ಚು. ನೋಡಲು ಅದಕ್ಕಿಂತ ಸರಳವಾದ ಹತ್ಯಾರಿಲ್ಲ. ಆದರೆ ಕಬ್ಬನ್ನು ನೆಲಕ್ಕೆ ಹತ್ತಿಸಿ ಬುಡದಲ್ಲೇ ಕಡಿಯುವಾಗ ಅಲಗು ಮಣ್ಣಿಗೂ ಕಲ್ಲಿಗೂ ತಾಕುವುದರಿಂದ, ಬಾಯಿ ಗಡುಸಾಗಿ ಹರಿತವನ್ನು ಉಳಿಸಿಕೊಳ್ಳಬೇಕು, ಬೆನ್ನು ಮೆದುವಾಗಿ ಪೆಟ್ಟನ್ನು ತಾಳಬೇಕು. ಒಂದೇ ತುಂಡಿನಲ್ಲಿ ಈ ಎರಡು ಗುಣಗಳನ್ನು ಅದರದರ ಜಾಗದಲ್ಲಿ ನಿಲ್ಲಿಸುವುದನ್ನೇ ಕುಲುಮೆಯಲ್ಲಿ ಹದ ಎನ್ನುತ್ತಾರೆ. ನಾವು ಬಳಸುತ್ತಿದ್ದುದು ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಶೇಕಡಾ 0.6ರ ಆಸುಪಾಸಿನಲ್ಲಿ ಇಂಗಾಲ ಇರುವುದರಿಂದಲೇ ಅದು ಹದ ಹಿಡಿಯುತ್ತದೆ. ಗೇಟು, ಕಿಟಕಿ ಮಾಡುವ ಮೆದು ಕಬ್ಬಿಣವನ್ನು ಎಷ್ಟು ಬಾರಿ ಅದ್ದಿದರೂ ಅದರಲ್ಲಿ ಹರಿತ ನಿಲ್ಲುವುದಿಲ್ಲ.

ಡಿಪ್ಲೊಮಾ ಓದಿದ್ದ ನಾನು ಮೊದಲ ದಿನವೇ ಉಷ್ಣಾಂಶಗಳ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂದು ಓದಿ, ಒಂದು ಅಯಸ್ಕಾಂತವನ್ನೂ ತಂದಿದ್ದೆ. ಆ ಲೆಕ್ಕ ಸುಳ್ಳಲ್ಲ, ಈಗಲೂ ಅದರಲ್ಲಿ ನನಗೆ ನಂಬಿಕೆಯಿದೆ. ಆದರೆ ಅದು ಎಲ್ಲಿ ಆರಂಭಿಸಬೇಕೆಂದು ತಿಳಿಸುತ್ತದೆಯೇ ಹೊರತು ಎಲ್ಲಿ ನಿಲ್ಲಿಸಬೇಕೆಂದಲ್ಲ. ಮೂರನೆಯ ತಿಂಗಳಲ್ಲಿ ಅಯಸ್ಕಾಂತವನ್ನು ನಂಬಿ ಇನ್ನೂ ಸ್ವಲ್ಪ ಕಾಯಲೆಂದು ಬಿಟ್ಟ ಅಲಗು, ನೀರಿಗೆ ಇಳಿಸುತ್ತಿದ್ದಂತೆ ಟಿಣ್ ಎಂದು ಸದ್ದು ಮಾಡಿ ಬಾಯಿಯಿಂದ ಬೆನ್ನಿನವರೆಗೆ ಸೀಳಿತು. ಆಚಾರ್ರು ಬೈಯಲಿಲ್ಲ. "ಮುತ್ತುಗದ ಹೂವಾಗೋಗಿತ್ತು. ದಾಸವಾಳದಲ್ಲೇ ಎತ್ಬೇಕಿತ್ತು" ಎಂದು ಕಾದ ಅಲಗಿನ ಬಣ್ಣವನ್ನಷ್ಟೇ ಹೇಳಿದರು.

ಹದ ಎಂಬ ಮಾತು ನನಗೆ ಹೊಸದಾಗಿರಲಿಲ್ಲ. ನಮ್ಮ ತಂದೆ ಆಲೆಮನೆಯಲ್ಲಿ ಪಾಕ ನೋಡುವ ಕೆಲಸದಲ್ಲಿದ್ದವರು. ಕೊಪ್ಪರಿಗೆಯ ಪಾಕದಲ್ಲಿ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಇಳಿಸಿ ಎಂದು ಕೂಗುತ್ತಿದ್ದರು. ಆ ಕೂಗು ತುಸು ತಡವಾದರೆ ಬೆಲ್ಲ ಸೀದು ಕಪ್ಪಾಗುತ್ತಿತ್ತು, ಬೇಗನಾದರೆ ಅಚ್ಚಿನಲ್ಲಿ ಗಟ್ಟಿಯಾಗದೆ ಉಳಿಯುತ್ತಿತ್ತು.

ಆ ಬೆಳಗ್ಗೆ ಕುಲುಮೆಯ ಕಿಟಕಿಗೆ ಗೋಣಿತಾಟು ಕಟ್ಟಿದ್ದೆವು, ಏಕೆಂದರೆ ಬಿಸಿಲು ಒಳಬಂದರೆ ಕಾದ ಲೋಹದ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆ. ಇದ್ದಿಲಿನ ನಡುವೆ ಅಲಗು ಮೊದಲು ಮಂಕಾಗಿ, ಬಳಿಕ ಇಡೀ ಉದ್ದಕ್ಕೂ ಒಂದೇ ಸಮನೆ ದಾಸವಾಳದ ಕೆಂಪಾಯಿತು. ಇಕ್ಕಳದಿಂದ ಎತ್ತಿ, ಬಾಯಿಯ ಭಾಗವನ್ನು ಮಾತ್ರ ನೀರಿಗೆ ಇಳಿಸಿ, ಕೇಳಿಬರಬಾರದ ಆ ಟಿಣ್ ಸದ್ದಿಗಾಗಿಯೇ ಕಿವಿಗೊಟ್ಟು ನಿಂತೆ. ಅದು ಬರಲಿಲ್ಲ. ಹೊರತೆಗೆದು ಇಟ್ಟಿಗೆಯ ಚೂರಿನಿಂದ ಬಾಯಿಯನ್ನು ಬೆಳ್ಳಗಾಗುವಂತೆ ಉಜ್ಜಿದೆ. ಬೆನ್ನಿನಲ್ಲಿ ಉಳಿದಿದ್ದ ಕಾವು ಬಾಯಿಯ ಕಡೆಗೆ ಹರಿಯತೊಡಗಿತು. ಆ ಹರಿವನ್ನು ಕಣ್ಣಾರೆ ಕಾಣಬಹುದು: ಮೊದಲು ಒಣಹುಲ್ಲಿನ ಹಳದಿ, ಅದರ ಬೆನ್ನಿಗೆ ಕಂದು, ನೇರಳೆ, ಅದರಾಚೆ ನವಿಲುಗರಿಯ ನೀಲಿ. ಈ ಸಾಲು ಜರುಗಿ ಬರುವ ಗಳಿಗೆಯಲ್ಲಿ ಕೇಳಲು ಯಾರೂ ಇರುವುದಿಲ್ಲ. ಬಾಗಿಲ ಕಡೆ ತಿರುಗಿ ನೋಡಬೇಕೆಂಬ ಆಸೆಯಾದರೂ ನೋಡಲಿಲ್ಲ, ಏಕೆಂದರೆ ಅಷ್ಟರಲ್ಲೇ ಬಣ್ಣ ದಾಟಿ ಹೋಗುತ್ತಿತ್ತು. ಬಾಯಿಯ ಅಂಚು ಹದವಾದ ಬೆಲ್ಲದ ಬಣ್ಣಕ್ಕೆ ಬಂದಾಗ ಅಲಗನ್ನು ಪೂರ್ತಿಯಾಗಿ ಮುಳುಗಿಸಿದೆ.

ಮುಂದಿನ ಕೆಲಸಗಳು ಬೇಗ ಮುಗಿದವು. ಅರ ಹಾಕಿ, ಸಾಣೆ ಹಿಡಿದು, ಜಾಲಿಮರದ ಹಿಡಿ ಕೂರಿಸಿ ಬಳೆ ತೊಡಿಸಿದೆ. ಆಚಾರ್ರು ಒಣಗಿದ ಜಾಲಿಯ ಕೊರಡಿಗೆ ಮಚ್ಚಿನಿಂದ ಹತ್ತಾರು ಏಟು ಹಾಕಿ, ಉಗುರಿನ ಮೇಲೆ ಬಾಯಿಯನ್ನು ಎಳೆದು ನೋಡಿ, ಏನೂ ಹೇಳದೆ, ಆ ದಾರಿಯಲ್ಲಿ ಹೊರಟಿದ್ದ ಕಬ್ಬು ಕಡಿಯುವವರ ಮೇಸ್ತ್ರಿಗೆ ಕೊಟ್ಟುಬಿಟ್ಟರು.

ಸಂಜೆ ಮೇಸ್ತ್ರಿ ಮರಳಿ ಬಂದಾಗ ಮಚ್ಚಿಗೆ ಕಬ್ಬಿನ ಹಾಲು ಮೆತ್ತಿ ಕಪ್ಪಾಗಿತ್ತು. "ಒಂದ್ಸಲವೂ ಸಾಣೆ ಕೇಳ್ಲಿಲ್ಲ ಆಚಾರ್ರೆ. ಇಂಥವೇ ಇನ್ನೆರಡು ಬೇಕು" ಎಂದ. ಆಚಾರ್ರು ಬೀಡಿ ಹಚ್ಚುತ್ತ ನನ್ನ ಕಡೆ ಕೈ ತೋರಿಸಿ, "ಮಾಡ್ದೋರು ಅಲ್ಲಿ ಅವ್ರೆ. ಅವ್ರನ್ನೇ ಕೇಳು" ಎಂದರು. ಅಲ್ಲಿಯವರೆಗೆ ಅವರ ಬಾಯಲ್ಲಿ ನಾನು ಮಗ, ಹುಡುಗ ಮಾತ್ರ ಆಗಿದ್ದೆ. ಗಂಟಲು ಕಟ್ಟಿದ್ದರಿಂದ ನಾನು ಮಾತಾಡದೆ ಮೇಸ್ತ್ರಿಯ ಅಂಗೈ ಹಿಡಿದು, ಹಿಡಿಗೆ ಬೇಕಾದ ಅಳತೆಯನ್ನು ತೆಗೆದುಕೊಂಡೆ.